ಅಕ್ಕಸಾಲಿಗ ಶರಣ ಕಿನ್ನರಿ ಬೊಮ್ಮಯ್ಯ

ಸಹ್ಯಾದ್ರಿಯ ದಟ್ಟಡವಿಯಲ್ಲಿ ಹುಟ್ಟಿ ಪಡುವಣಕ್ಕೆ ಹರಿಯುವ ಕಾಳೀ ನದಿಯು ಕಾರವಾರದ ಬಳಿ ಕಡಲನ್ನು ಕೂಡುವ ಮುನ್ನ ಹಣಕೋಣದ ಸೀಮೆಯನ್ನು ಹಾದುಹೋಗುತ್ತದೆ. ವರ್ಷದಲ್ಲಿ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿಯ ಗುಡಿಯಿಂದ ಈ ಊರು ಸುತ್ತಲಿನವರಿಗೆಲ್ಲ ಪರಿಚಿತವಾದುದು. ಇಲ್ಲಿಂದ ದಕ್ಷಿಣಕ್ಕೆ ಅಂಕೋಲೆಯತ್ತ ನಡೆದರೆ ಹಾಲಕ್ಕಿ ಒಕ್ಕಲಿಗ ಹೆಣ್ಣುಮಕ್ಕಳ ಕೊರಳನ್ನೂ ಎದೆಯನ್ನೂ ತುಂಬಿದ ಮಣಿಸರಗಳು ಕಣ್ಣಿಗೆ ಬೀಳುತ್ತವೆ. 2017ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ 2025ರಲ್ಲಿ ತೀರಿಕೊಂಡ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಚಿತ್ರವನ್ನು ನೋಡಿದವರಿಗೆ ಆ ಸರಗಳ ರಾಶಿ ಮರೆಯುವಂತಹದಲ್ಲ. ಹೊನ್ನಿಲ್ಲದ ಮನೆಯಲ್ಲಿಯೂ ದಾರವುಂಟು, ಮಣಿಯುಂಟು, ಪೋಣಿಸುವ ಕೈಯುಂಟು. ಒಡವೆಯ ಆಸೆ ಮನುಷ್ಯನಷ್ಟೇ ಹಳೆಯದು.

ಇದೇ ಕಾಳಿಯ ಕೊಳ್ಳದಲ್ಲಿ, ಆದರೆ ಘಟ್ಟದ ಮೇಲೆ, ಇಂದಿನ ಜೋಯಿಡಾ ತಾಲ್ಲೂಕಿನ ಕಾಡಿನ ನಡುವೆ ಉಳವಿ ಕ್ಷೇತ್ರವಿದೆ. ಕಲ್ಯಾಣವು ಒಡೆದ ಮೇಲೆ ಚೆನ್ನಬಸವಣ್ಣನವರೊಡನೆ ಅಲ್ಲಿಗೆ ಹೊರಟ ಶರಣರ ಬಳಗದಲ್ಲಿ ಕಿನ್ನರಿ ಬೊಮ್ಮಯ್ಯನನ್ನೂ ಸಂಪ್ರದಾಯವು ಎಣಿಸುತ್ತದೆ. ಕಿನ್ನರಯ್ಯ, ಕಿನ್ನರಿ ಬ್ರಹ್ಮಯ್ಯ ಎಂದೂ ಈತನಿಗೆ ಹೆಸರುಂಟು. ಹೆಸರು ವಾದ್ಯದಿಂದ ಬಂದುದು. ಕಸುಬಿನಿಂದ ಈತನು ಅಕ್ಕಸಾಲಿಗ. ಉಳವಿಯ ದಾರಿ ಹಿಡಿದ ಆ ಬಳಗದಲ್ಲಿ ಒಂದು ಕಾಲಕ್ಕೆ ಚಿನ್ನದ ಎಳೆ ತೆಗೆದು ಗುಂಡು ಕೂಡಿಸಿದ ಕೈಯೊಂದಿತ್ತು ಎಂಬುದನ್ನು ಈ ಚರಿತ್ರೆಯನ್ನು ಕೇಳುವವರು ಮೊದಲು ನೆನಪಿನಲ್ಲಿಡತಕ್ಕದ್ದು. ಏಕೆಂದರೆ ಮುಂದೆ ಆತನ ಬಾಳಿನಲ್ಲಿ ನಡೆದ ಪ್ರಸಂಗಗಳೆಲ್ಲವೂ ಒರೆಗಲ್ಲಿನ ಮಾತುಗಳೇ ಆಗಿವೆ.

ತೆಲುಗು ನಾಡಿನ ಪೂದೂರು ಬೊಮ್ಮಯ್ಯನ ಸ್ಥಳವೆಂದು ಚರಿತ್ರಕಾರರು ಗುರುತಿಸಿದ್ದಾರೆ. 12ನೆಯ ಶತಮಾನದ ಅಕ್ಕಸಾಲಿಗನ ಕೆಲಸ ಹೇಗಿದ್ದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಯಂತ್ರ ಕಾಲಿಡದ ಅಕ್ಕಸಾಲೆಗಳಲ್ಲಿ ಇತ್ತೀಚಿನವರೆಗೂ ಅದೇ ಅಗ್ಗಿಷ್ಟಿಕೆ, ಅದೇ ಊದುಗೊಳವೆ, ಅದೇ ಮೂಸೆ ಇದ್ದವು. ಮೂಸೆಯಲ್ಲಿ ಚಿನ್ನವು ಕರಗಬೇಕಾದರೆ 1064 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅದನ್ನು ಅಳೆಯುವ ಸಾಧನ ಅಕ್ಕಸಾಲಿಗನ ಬಳಿ ಇರಲಿಲ್ಲ. ಕೆಂಡದ ಬಣ್ಣವನ್ನೂ ಲೋಹದ ಹೊಳಪನ್ನೂ ಕಣ್ಣಿನಿಂದಲೇ ಓದಿ, ಬಾಯಿಯ ಉಸಿರಿನಿಂದಲೇ ಬೆಂಕಿಯನ್ನು ಏರಿಸಿ ಇಳಿಸುತ್ತಿದ್ದನು. ಕರಗಿದುದನ್ನು ಕಡ್ಡಿಯಾಗಿ ಎರೆದು, ಅಡಿಗಲ್ಲಿನ ಮೇಲೆ ಬಡಿದು ತೆಳುವಾಗಿಸಿ, ಬಳಿಕ ಸಾಲುಸಾಲಾಗಿ ರಂಧ್ರಗಳುಳ್ಳ ಕಮ್ಮಚ್ಚಿನಲ್ಲಿ ತೂರಿಸಿ ಇಕ್ಕುಳದಿಂದ ಎಳೆಯುವುದು. ದೊಡ್ಡ ರಂಧ್ರದಿಂದ ಸಣ್ಣದಕ್ಕೆ, ಸಣ್ಣದರಿಂದ ಅದಕ್ಕೂ ಸಣ್ಣದಕ್ಕೆ. ಎಳೆದಷ್ಟೂ ಕಂಬಿಯು ಬಿರುಸಾಗುತ್ತದೆ, ಬಲವಂತ ಮಾಡಿದರೆ ಹರಿಯುತ್ತದೆ. ಆದುದರಿಂದ ನಡುನಡುವೆ ಕಾಸಿ ಮೆದುಮಾಡಬೇಕು. ಹೀಗೆ ಸಮಾಧಾನದಿಂದ ನಡೆಸಿಕೊಂಡರೆ ಒಂದು ಗ್ರಾಂ ಚಿನ್ನವು 2 ಕಿಲೋಮೀಟರಿಗೂ ಮಿಕ್ಕ ಉದ್ದದ ಎಳೆಯಾಗಬಲ್ಲದು. ಲೋಹಗಳಲ್ಲಿ ಇಷ್ಟು ಬಾಗುವ, ಇಷ್ಟು ನೀಳುವ ಗುಣ ಮತ್ತೊಂದಕ್ಕಿಲ್ಲ.

ಎಳೆಯಾದ ಮೇಲೆ ಮಣಿ. ಚಿನ್ನದ ಕಿರುತುಣುಕನ್ನು ಇದ್ದಿಲ ಮೇಲಿಟ್ಟು ಊದಿದರೆ ಕರಗಿದ ಕ್ಷಣದಲ್ಲಿ ಅದು ತನ್ನಷ್ಟಕ್ಕೆ ತಾನೇ ದುಂಡಗಾಗುತ್ತದೆ. ಅಕ್ಕಸಾಲಿಗನು ಅಲ್ಲಿ ಮಾಡುವುದು ಕಾವು ಕೊಟ್ಟು ಕೈ ತೆಗೆಯುವುದಷ್ಟೆ. ದೊಡ್ಡ ಗುಂಡುಗಳಾದರೆ ತೆಳುತಗಡನ್ನು ಕುಳಿಯ ಅಚ್ಚಿನಲ್ಲಿ ಬಡಿದು ಎರಡು ಬಟ್ಟಲು ಮಾಡಿ, ಬಿಳಿಗಾರ ಹಚ್ಚಿ ಬೆಸೆಯುತ್ತಾರೆ. ಒಳಗೆ ಟೊಳ್ಳಾದ ಗುಂಡು ನಗ್ಗದಿರಲೆಂದು ಅರಗು ತುಂಬುವ ವಾಡಿಕೆಯೂ ಉಂಟು. ಈ ಕಸುಬಿನ ಮೇಲೆ ಲೋಕದ ಸಂಶಯ ಬೀಳುವುದು ಇಲ್ಲಿಯೇ. ಅರಗಿನ ತೂಕವೆಷ್ಟು, ಬೆಸುಗೆಯಲ್ಲಿ ಬೆರೆತುದೆಷ್ಟು, ಅರದ ಪುಡಿಯಲ್ಲಿ ಹೋದುದೆಷ್ಟು? ಗುಲಗಂಜಿಯೆಂದರೆ ಸುಮಾರು 121 ಮಿಲಿಗ್ರಾಂ. ಅಷ್ಟರ ಲೆಕ್ಕದಲ್ಲಿ ಸಂಸಾರಗಳು ಜಗಳವಾಡಿವೆ. ಪರರ ಹೊನ್ನನ್ನು ಕೈಯಲ್ಲಿ ಹಿಡಿದು ಬದುಕುವವನಿಗೆ ಕುಶಲತೆಗಿಂತ ಹೆಚ್ಚಾಗಿ ಬೇಕಾದುದು ಕೊಟ್ಟವನ ನಂಬಿಕೆ. ಅದು ಒಮ್ಮೆ ಬಿರುಕುಬಿಟ್ಟರೆ ಬೆಸೆಯುವ ಬಿಳಿಗಾರ ಯಾವ ಅಂಗಡಿಯಲ್ಲಿಯೂ ದೊರೆಯದು.

ಬಸವಣ್ಣನವರ ಕೀರ್ತಿಯು ತೆಲುಗು ನಾಡನ್ನು ಮುಟ್ಟಿದಾಗ ಬೊಮ್ಮಯ್ಯನು ಸುತ್ತಿಗೆಯನ್ನು ಕೆಳಗಿಟ್ಟು ಕಲ್ಯಾಣದ ದಾರಿ ಹಿಡಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಕಳಚೂರ್ಯ ಬಿಜ್ಜಳನು ಅರಸನಾಗಿದ್ದ ಕಾಲ. ಅಲ್ಲಿನ ತ್ರಿಪುರಾಂತಕ ದೇವಾಲಯದಲ್ಲಿ ಕಿನ್ನರಿಯನ್ನು ನುಡಿಸುತ್ತ ಶಿವನನ್ನು ಹಾಡುವುದು ಆತನ ನಿತ್ಯನೇಮವಾಯಿತು. ಆ ಹೆಸರನ್ನು ಹೊತ್ತ ಕೆರೆಯು ಬಸವಕಲ್ಯಾಣದಲ್ಲಿ ಇಂದಿಗೂ ಇದೆ. ಹಾಡಿಗೆ ಮೆಚ್ಚಿ ದೇವರು ದಿನಕ್ಕೊಂದು ಹೊನ್ನನ್ನು ಕರುಣಿಸುತ್ತಿದ್ದನೆಂದೂ, ಬೊಮ್ಮಯ್ಯನು ಅದನ್ನು ಅಂದಂದೇ ಜಂಗಮ ದಾಸೋಹಕ್ಕೆ ಸಲ್ಲಿಸಿ ನಾಳೆಗೆಂದು ಏನನ್ನೂ ಉಳಿಸುತ್ತಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಹೊನ್ನನ್ನು ತೂಗಿ, ಅಳೆದು, ಒರೆಗೆ ಹಚ್ಚಿ ಬಾಳಿದವನ ಕೈಗೆ ಈಗ ಹೊನ್ನು ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಿತ್ತು. ಪವಾಡದ ಅಂಶವನ್ನು ಭಕ್ತರು ತಮ್ಮ ತಮ್ಮ ಭಾವಕ್ಕೆ ತಕ್ಕಂತೆ ತಿಳಿಯಲಿ. ಹೊನ್ನು ನಿಲ್ಲಲಿಲ್ಲವೆಂಬುದು ಮಾತ್ರ ಗಮನಿಸಬೇಕಾದ ಮಾತು.

ಕಿನ್ನರಿಯ ವಿಷಯವಾಗಿ ಎರಡು ಮಾತು ಅಪ್ರಸ್ತುತವಾಗಲಾರದು. ಬಿದಿರಿನ ದಂಡಿಗೆ ಸೋರೆಬುರುಡೆಗಳನ್ನು ಕಟ್ಟಿ, ಮೇಲೆ ಮೆಟ್ಟಿಲುಗಳನ್ನು ಕೂರಿಸಿ ತಂತಿ ಬಿಗಿದ ವಾದ್ಯವಿದು. 13ನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಇದರ ಕಿರಿದು ಹಿರಿದು ಎಂಬ ಭೇದಗಳನ್ನು ವಿವರಿಸಿದ್ದಾನೆ. ಅರಮನೆಯ ಸಂಗೀತದಿಂದ ಅದು ಕಾಲಾಂತರದಲ್ಲಿ ಮರೆಯಾದರೂ ತೆಲಂಗಾಣದ ದಕ್ಕಲಿ ಕಲಾವಿದರ ಕೈಯಲ್ಲಿ ಉಳಿದುಬಂದಿತು. ಹನ್ನೆರಡು ಮೆಟ್ಟಿಲಿನ ಕಿನ್ನೆರವನ್ನು ನುಡಿಸುವ ದರ್ಶನಂ ಮೊಗಿಲಯ್ಯನವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ದೊಡ್ಡವರ ಸಭೆ ಕೈಬಿಟ್ಟುದನ್ನು ಬಡವರು ಕಾಪಾಡಿಕೊಂಡರೆಂಬುದು ಇಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಬೊಮ್ಮಯ್ಯನ ಬೆರಳುಗಳಿಗಂತೂ ಎಳೆಯ ಬಿಗುವೆಷ್ಟು, ಸಡಿಲವೆಷ್ಟು ಎಂಬುದನ್ನು ಹೊಸದಾಗಿ ಕಲಿಯಬೇಕಾದ ಅಗತ್ಯವಿರಲಿಲ್ಲ.

ಆತನ ಚರಿತ್ರೆಯನ್ನು ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ, 1369ರಲ್ಲಿ ಅದನ್ನು ಅನುಸರಿಸಿ ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದ ಭೀಮಕವಿಯೂ ಲೋಕಕ್ಕೆ ಸಾರಿದರು. ಪುರಾಣಗಳು ಹೇಳುವ ಪ್ರಸಂಗಗಳಲ್ಲಿ ಒಂದು ಕುರಿಯದು. ವಿಟನೊಬ್ಬನು ತನ್ನ ವೇಶ್ಯೆಯ ಮನೆಗೆ ಕೊಲ್ಲುವುದಕ್ಕಾಗಿ ಕುರಿಯೊಂದನ್ನು ಎಳೆದೊಯ್ಯುತ್ತಿದ್ದನು. ಬೊಮ್ಮಯ್ಯನು ಮರುಗಿ, ಹೊನ್ನು ಕೊಟ್ಟು ಅದನ್ನು ಬಿಡಿಸಿಕೊಂಡನು. ಹೊನ್ನನ್ನು ಕಂಡರೂ ವೇಶ್ಯೆಯು ಒಪ್ಪದೆ ಅದೇ ಕುರಿಯೇ ಬೇಕೆಂದು ಹಟ ಹಿಡಿದಳು. ವಿಟನು ಮರಳಿ ಬಂದು ಕುರಿಯನ್ನು ಕೇಳಿದನು, ಬೊಮ್ಮಯ್ಯನು ಕೊಡಲಿಲ್ಲ. ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿ ವಿಟನ ಪ್ರಾಣವೇ ಹೋಯಿತು. ದೂರು ಬಿಜ್ಜಳನವರೆಗೆ ಮುಟ್ಟಿತು. ಬೊಮ್ಮಯ್ಯನು ತ್ರಿಪುರಾಂತಕನನ್ನೇ ಸಾಕ್ಷಿಗೆ ಕರೆದನೆಂದೂ, ದೇವಾಲಯದ ಬಾಗಿಲು ತೆರೆದು ಶಿವನು ಓಗೊಟ್ಟನೆಂದೂ ಕಥೆಯು ಮುಗಿಯುತ್ತದೆ.

ಒಂದು ಜೀವವನ್ನು ಉಳಿಸಹೋಗಿ ಇನ್ನೊಂದು ಜೀವವು ಹೋದ ಈ ಕಥೆಯಲ್ಲಿ ಸಾತ್ವಿಕರಾದ ಓದುಗರು ತಡವರಿಸುವುದು ಸಹಜವೇ ಸರಿ. ಅದನ್ನು ಮೆತ್ತಗೆ ಮಾಡಿ ಹೇಳುವುದರಿಂದ ಪ್ರಯೋಜನವಿಲ್ಲ. ಪುರಾಣದ ಶರಣನು ಎಲ್ಲ ಕಾಲಕ್ಕೂ ಮೃದುವಲ್ಲ. ಆದರೆ ವ್ಯವಹಾರದ ಒಂದಂಶ ಇಲ್ಲಿ ಸ್ಪಷ್ಟವಾಗಿದೆ. ಬೊಮ್ಮಯ್ಯನು ಹೊನ್ನು ಕೊಟ್ಟುದು ಕುರಿಯ ಮಾಂಸಕ್ಕಲ್ಲ, ಅದರ ಉಸಿರಿಗೆ. ಮಾರಿದವನು ಬೆಲೆಯನ್ನು ಹಿಂದಿರುಗಿಸಿದ ಮಾತ್ರಕ್ಕೆ ಆ ಉಸಿರನ್ನು ಹಿಂದಿರುಗಿಸುವುದು ಆತನ ತ್ರಾಸಿನಲ್ಲಿ ಸರಿದೂಗಲಿಲ್ಲ.

ಎರಡನೆಯದು ಉಳ್ಳಿಯ ಪ್ರಸಂಗ. ಮೇಲೆ ನೋಡಿದರೆ ಇದು ಅಲ್ಪವಾದುದು, ಅಡುಗೆಮನೆಯ ಮಾತು. ಆದರೂ ಬೊಮ್ಮಯ್ಯನ ಬಾಳಿನಲ್ಲಿ ಇದಕ್ಕಿಂತ ಹಿರಿದಾದ ಘಟನೆ ಇನ್ನೊಂದಿಲ್ಲವೆಂದೇ ಹೇಳಬೇಕು. ಒಂದು ದಿನ ಬೊಮ್ಮಯ್ಯನು ಅಡುಗೆಗಾಗಿ ಉಳ್ಳಿಯನ್ನು, ಎಂದರೆ ಉಳ್ಳಾಗಡ್ಡೆಯನ್ನು ಹೆಚ್ಚುತ್ತಿದ್ದನು. ಅದನ್ನು ಅರಿತ ಬಸವಣ್ಣನವರು ಅದರ ನಾತವನ್ನು ಹೇಸಿ ಹಗುರವಾಗಿ ಒಂದು ಮಾತನಾಡಿದರು. ಆ ಮಾತು ಕಿವಿಗೆ ಬಿದ್ದ ಕೂಡಲೇ ಬೊಮ್ಮಯ್ಯನು ನೊಂದು ಕಲ್ಯಾಣವನ್ನೇ ಬಿಟ್ಟು ಹೊರಟನು.

ಗಡ್ಡೆಯೊಂದಕ್ಕಾಗಿ ಇಷ್ಟೊಂದು ಮುನಿಸೇ ಎಂದು ಇಂದಿನವರು ಕೇಳಬಹುದು. ಉಳ್ಳಿಯು ಉಳುವವನ ಬುತ್ತಿಯಲ್ಲಿ ರೊಟ್ಟಿಯ ಜತೆಗಾರ. ಶಾಸ್ತ್ರ ಬಲ್ಲವರ ಮನೆಯಲ್ಲಿ ಅದು ನಿಷಿದ್ಧ. ಬಸವಣ್ಣನವರು ಹುಟ್ಟಿ ಬೆಳೆದುದು ಅಂತಹ ಮನೆಯಲ್ಲಿ. ಜನಿವಾರವನ್ನು ಹರಿದೊಗೆದವರ ಮೂಗಿನಲ್ಲಿ ಹಳೆಯ ಮನೆಯ ವಾಸನೆಯ ನೆನಪು ಇನ್ನೂ ಇತ್ತೆಂದು ತೋರುತ್ತದೆ. ಮಾದಾರ, ಡೋಹರ, ಮಡಿವಾಳ, ಅಂಬಿಗ, ಅಕ್ಕಸಾಲಿಗ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತ ಮಹಾಮನೆಯಲ್ಲಿ ಒಬ್ಬನ ತುತ್ತು ಇನ್ನೊಬ್ಬನಿಗೆ ಹೇಸಿಕೆಯಾದರೆ ಉಳಿದುದೇನು? ಶಿವನಿಗೆ ಅರ್ಪಿತವಾಗಿ ಪ್ರಸಾದವಾಗತಕ್ಕ ಪದಾರ್ಥದಲ್ಲಿ ಮೇಲುಕೀಳನ್ನು ಎಣಿಸಿದರೆ ನಾಳೆ ಅದನ್ನು ಉಣ್ಣುವವನಲ್ಲಿಯೂ ಎಣಿಸಿಯಾರು. ಬಂಗಾರದೊಳಗಿನ ತಾಮ್ರದ ಕಣವನ್ನು ಒರೆಯ ಗೆರೆಯಲ್ಲಿ ಕಂಡುಹಿಡಿಯಬಲ್ಲವನ ಕಣ್ಣಿಗೆ ಆ ಒಂದು ಮಾತಿನಲ್ಲಿ ಬೆರೆತ ಕಲಬೆರಕೆ ಕಾಣದೆ ಹೋಗಲಿಲ್ಲ. ಎದುರಿಗಿದ್ದವರು ಬಿಜ್ಜಳನ ಭಂಡಾರಿಗಳೆಂದಾಗಲಿ, ಶರಣಸಂಕುಲಕ್ಕೆ ಹಿರಿಯರೆಂದಾಗಲಿ ಬೊಮ್ಮಯ್ಯನು ದಾಕ್ಷಿಣ್ಯಕ್ಕೆ ಒಳಗಾಗಲಿಲ್ಲ. ವಾದಿಸಲೂ ಇಲ್ಲ. ಕಿನ್ನರಿಯನ್ನು ಹೊತ್ತು ನಡೆದುಬಿಟ್ಟನು.

ಬಸವಣ್ಣನವರ ದೊಡ್ಡತನವು ಬೆಳಗಿದುದೂ ಇದೇ ಪ್ರಸಂಗದಲ್ಲಿ. ತಪ್ಪಿನ ಅರಿವಾದೊಡನೆಯೇ ಅವರು ಸಮಜಾಯಿಷಿ ಹೇಳಲು ಹೋಗಲಿಲ್ಲ. ರಾಶಿ ರಾಶಿಯಾಗಿ ಉಳ್ಳಿಯನ್ನು ತರಿಸಿ, ವಾದ್ಯ ವೈಭವಗಳಿಂದ ಮೆರವಣಿಗೆ ಮಾಡಿಸಿ, ಶರಣರೆಲ್ಲರೊಡನೆ ತಾವೂ ಅದನ್ನೇ ಪ್ರಸಾದವಾಗಿ ಸವಿದು, ಬೊಮ್ಮಯ್ಯನಿದ್ದಲ್ಲಿಗೆ ಹೋಗಿ ತಪ್ಪೊಪ್ಪಿಕೊಂಡು ಮರಳಿ ಕರೆತಂದರು. ರಾಜ್ಯದ ಬೊಕ್ಕಸವನ್ನು ಆಳುವ ಮಂತ್ರಿಯು ನಗರದ ಬೀದಿಯಲ್ಲಿ ಉಳ್ಳಾಗಡ್ಡೆಯ ಉತ್ಸವವನ್ನು ನಡೆಸಿದುದನ್ನು ಕಂಡು ನಕ್ಕವರೂ ಇದ್ದಿರಬಹುದು. ಇದ್ದರೆ ಇರಲಿ. ಏಕಾಂತದಲ್ಲಿ ಆಡಿದ ಮಾತಿಗೆ ಬಹಿರಂಗದಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡ ಹಿರಿಯರು ಯಾವ ಕಾಲದಲ್ಲಿಯೂ ವಿರಳ.

ಹೀಗೆ ಇತರರನ್ನು ಒರೆಗೆ ಹಚ್ಚಿದವನು ತಾನೂ ಒರೆಗೆ ಬಂದ ಸಂದರ್ಭವೊಂದುಂಟು. ಅದನ್ನು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಉಡುತಡಿಯಿಂದ ಹೊರಟು ಅರಮನೆಯ ಉಡಿಗೆ ತೊಡಿಗೆಗಳೆಲ್ಲವನ್ನೂ ತೊರೆದು, ಕೇಶವನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯವರನ್ನು ಅನುಭವ ಮಂಟಪಕ್ಕೆ ಮುನ್ನವೇ ಎದುರುಗೊಂಡು ಪರೀಕ್ಷಿಸಿದವನು ಬೊಮ್ಮಯ್ಯ. ಹೆಣ್ಣಿನ ಮೈಮೇಲೆ ಒಡವೆ ಹೇಗೆ ಕೂಡುತ್ತದೆಂಬುದನ್ನು ಕಸುಬಿನಿಂದ ಬಲ್ಲವನ ಎದುರಿಗೆ ಒಡವೆಯ ಹಂಗನ್ನೇ ಹರಿದ ಹೆಣ್ಣುಮಗಳು ನಿಂತಿದ್ದಳು. ಆತನ ಮಾತುಗಳು ಮೊನಚಾಗಿದ್ದವು, ಕಠೋರವೂ ಆಗಿದ್ದವು. ಅವೊಂದೂ ಆಕೆಯನ್ನು ಅಲುಗಿಸಲಿಲ್ಲ. ಆಕೆಯಲ್ಲಿ ಕಾಮದ ಕುರುಹನ್ನು ಅರಸಹೋದವನಿಗೆ ಭಸ್ಮವೇ ದೊರೆಯಿತೆಂದು ಹೇಳುತ್ತಾರೆ. ಬೊಮ್ಮಯ್ಯನು ತನ್ನ ಸೋಲನ್ನು ಮುಚ್ಚಿಡಲಿಲ್ಲ. ನಮಸ್ಕರಿಸಿ, ಆಕೆಯ ಹಿರಿಮೆಯನ್ನು ತಾನೇ ಮೊದಲಾಗಿ ಶರಣರಿಗೆ ಸಾರಿದನು. ಒರೆಗಲ್ಲಿಗೆ ಹಚ್ಚಿದಾಗ ಚಿನ್ನ ಸವೆಯುವುದು ಲೋಕದ ರೂಢಿ. ಅಂದು ಸವೆದುದು ಕಲ್ಲು.

ಅಕ್ಕ ಒಡವೆಯನ್ನು ತೊರೆದರು, ಬೊಮ್ಮಯ್ಯನು ಒಡವೆ ಮಾಡುವುದನ್ನು ತೊರೆದನು ಎಂದ ಮಾತ್ರಕ್ಕೆ ಶರಣಮಾರ್ಗವು ಅಕ್ಕಸಾಲಿಗನ ಕಾಯಕವನ್ನು ಹಳಿಯಿತೆಂದು ಗೃಹಸ್ಥರು ಭಾವಿಸಬಾರದು. ಇಷ್ಟಲಿಂಗವನ್ನು ಇರಿಸುವ ಬೆಳ್ಳಿಯ ಕರಡಿಗೆ ಯಾರ ಕೈಯ ಕೆಲಸ? ರುದ್ರಾಕ್ಷಿಯ ಸರವನ್ನು ದಾರದಲ್ಲಿ ಪೋಣಿಸುವುದುಂಟು. ಬಾಳಿಕೆಗಾಗಿ ಬೆಳ್ಳಿಯ ತಂತಿಯಲ್ಲಿ ಕಟ್ಟಿಸುವುದೂ ಉಂಟು. ಕಟ್ಟುವವನು ಮಣಿಯ ರಂಧ್ರವನ್ನು ಶುಚಿಮಾಡಿ ತಂತಿಯನ್ನು ತೂರಿಸುತ್ತಾನೆ, ಎರಡೂ ತುದಿಗಳನ್ನು ಇಕ್ಕುಳದ ಮೂತಿಯಲ್ಲಿ ಬಾಗಿಸಿ ಕೊಂಡಿ ಮಾಡುತ್ತಾನೆ, ಮಿಕ್ಕ ತುದಿಯನ್ನು ಕೊಂಡಿಯ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ ಕತ್ತರಿಸುತ್ತಾನೆ. ಆ ತುದಿಯು ಒಳಮುಖವಾಗಿ ಅಡಗದಿದ್ದರೆ ತೊಟ್ಟವನ ಕೊರಳನ್ನು ದಿನವೂ ಗೀರುತ್ತದೆ. ಕೊಂಡಿಯು ಬಿಗಿಯಾದರೆ ಸರವು ಸೆಟೆದು ನಿಲ್ಲುತ್ತದೆ, ಸಡಿಲವಾದರೆ ಮಣಿಯು ಕಳಚುತ್ತದೆ. ಈ ಕೆಲಸಕ್ಕೆ ಬೇಕಾದ ಹದ ಅಗ್ಗದ ಮಣಿಗೂ ಒಂದೇ, ಬೆಲೆಬಾಳುವ ಹರಳಿಗೂ ಒಂದೇ. ಕಾಯಕದಲ್ಲಿ ಕೀಳು ಮೇಲಿಲ್ಲವೆಂಬುದನ್ನು ತಿಳಿಯಲು ಇಂತಹ ಒಬ್ಬ ಕೆಲಸಗಾರನ ಬಳಿ ಅರ್ಧ ದಿನ ಕುಳಿತರೆ ಸಾಕು.

1167ರ ಸುಮಾರಿಗೆ ಕಲ್ಯಾಣದಲ್ಲಿ ಬಿರುಗಾಳಿ ಎದ್ದಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಲಗ್ನ, ಆ ಇಬ್ಬರು ತಂದೆಯರಿಗೆ ವಿಧಿಸಿದ ಘೋರ ಶಿಕ್ಷೆ, ಬಿಜ್ಜಳನ ವಧೆ, ಶರಣರ ಚದುರುವಿಕೆ ಇವೆಲ್ಲ ಭಕ್ತರು ಬಲ್ಲ ಸಂಗತಿಗಳು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಚೆನ್ನಬಸವಣ್ಣನವರು, ಅಕ್ಕನಾಗಮ್ಮ, ಮಡಿವಾಳ ಮಾಚಯ್ಯ ಮೊದಲಾದವರೊಡನೆ ಬೊಮ್ಮಯ್ಯನೂ ಪಡುವಣಕ್ಕೆ ಮುಖ ಮಾಡಿದನು. ಬೆನ್ನಟ್ಟಿದ ದಂಡನ್ನು ದಾರಿಯುದ್ದಕ್ಕೂ ಎದುರಿಸುತ್ತ, ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಬಯಲುಸೀಮೆಯಿಂದ ಮಲೆನಾಡಿನ ಅಡವಿಗೆ ಇಳಿದ ಆ ಪಯಣದಲ್ಲಿ ಶರಣರು ಹೊತ್ತೊಯ್ದ ಸಂಪತ್ತೆಂದರೆ ಓಲೆಗರಿಗಳು. ಹೊನ್ನನ್ನು ಹೊತ್ತೊಯ್ದರೆಂದು ಯಾವ ಪುರಾಣವೂ ಹೇಳುವುದಿಲ್ಲ.

ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಸುತ್ತಲಿನ ಕಾಡಿನಲ್ಲಿ ಶರಣರ ಹೆಸರಿನ ಗವಿಗಳಿವೆ. ಮಾಘಮಾಸದ ಭಾರತ ಹುಣ್ಣಿಮೆಯ ಜಾತ್ರೆಗೆ ಬೆಳಗಾವಿ ಧಾರವಾಡಗಳ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವ ರೈತರ ಬುತ್ತಿಯಲ್ಲಿ ರೊಟ್ಟಿಯೊಂದಿಗೆ ಉಳ್ಳಾಗಡ್ಡೆಯೂ ಇರುತ್ತದೆ. ಅದನ್ನು ಬಿಚ್ಚಿ ಉಣ್ಣುವಾಗ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ಬೊಮ್ಮಯ್ಯನ ವಚನಗಳಲ್ಲಿ ನಮಗೆ ದೊರೆತಿರುವುವು 18 ಮಾತ್ರ. ಕರ್ನಾಟಕ ಸರ್ಕಾರವು 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದ ಸಾಗರದಲ್ಲಿ ಇವು ಹತ್ತಾರು ಹನಿಗಳಷ್ಟೆ. ಅವುಗಳ ಅಂಕಿತದಲ್ಲಿ ಆತನು ಬಿಟ್ಟುಬಂದ ಕಸುಬಿನ ಸುಳಿವಾಗಲಿ, ಹೆಸರು ತಂದ ಕಿನ್ನರಿಯ ಸುಳಿವಾಗಲಿ ಇಲ್ಲ. ಪ್ರತಿದಿನವೂ ಹಾಡು ಕೇಳಿದ ದೇವರ ಹೆಸರೊಂದೇ ಅಲ್ಲಿದೆ: ಮಹಾಲಿಂಗ ತ್ರಿಪುರಾಂತಕ.